ಎಂಟು ಕೋರ್‌ಗಳ ನಡುವೆ ಓಡಾಡುವ 64 ಬೈಟ್

ಅಡಿಕೆಯ ಫೋಟೊ ನೋಡಿ ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟು ಎಂದು ಬೇರ್ಪಡಿಸುವ ಪ್ರೋಗ್ರಾಮ್ ಒಂದನ್ನು ಶಿರಸಿಯ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಇನ್ವರ್ಟರ್ ಬ್ಯಾಟರಿ ಇಳಿಯುವುದರೊಳಗೆ ಒಂದು ಕಂತು ಫೋಟೊ ಮುಗಿಯಬೇಕು. ಪ್ರೊಸೆಸರ್‌ನೊಳಗೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡಬಲ್ಲ ಎಂಟೂ ಕೋರ್‌ಗಳಿಂದ ಪೂರ್ತಿ ಕೆಲಸ ತೆಗೆಯದೆ ವಿಧಿಯಿರಲಿಲ್ಲ.

ಕೋರ್‌ಗೊಂದು ಥ್ರೆಡ್, ಅಂದರೆ ಪ್ರೋಗ್ರಾಮ್‌ನೊಳಗೆ ಸ್ವತಂತ್ರವಾಗಿ ಓಡುವ ಒಂದು ಎಳೆ. ಕೆಂಪು ಛಾಯೆಯ ಪಿಕ್ಸೆಲ್ ಎಷ್ಟೆಂದು ಎಣಿಸಲು ಪ್ರತಿ ಥ್ರೆಡ್‌ಗೂ ಅದರದೇ ಕೌಂಟರ್. ಪರದೆಗೆ ಪ್ರಗತಿ ತೋರಿಸುವ ಇನ್ನೊಂದು ಥ್ರೆಡ್ ಅವನ್ನು ಆಗಾಗ ಓದುವುದರಿಂದ ಅವೆಲ್ಲ ಅಟಾಮಿಕ್, ಅಂದರೆ ಅರ್ಧ ಬರೆದ ಸ್ಥಿತಿಯಲ್ಲಿ ಯಾರ ಕಣ್ಣಿಗೂ ಬೀಳದ ಸಂಖ್ಯೆಗಳು. ಒಂದರ ಕೌಂಟರನ್ನು ಇನ್ನೊಂದು ಬರೆಯುವುದಿಲ್ಲ, ಒಬ್ಬರು ಮುಗಿಸುವವರೆಗೆ ಉಳಿದವರನ್ನು ಕಾಯಿಸುವ ಲಾಕ್ ಎಲ್ಲಿಯೂ ಇಲ್ಲ. ಆದರೂ ನಾಲ್ಕರಿಂದ ಎಂಟು ಥ್ರೆಡ್‌ಗೆ ಹೋದರೆ ವೇಗ ಏರಲಿಲ್ಲ.

ಲಿನಕ್ಸ್‌ನ ಪರ್ಫ್ ಸಿ-ಟು-ಸಿ (perf c2c) ಎಂಬ, ಕೋರ್‌ಗಳು ಒಂದೇ ಮೆಮೊರಿಗಾಗಿ ಎಲ್ಲಿ ಕಿತ್ತಾಡುತ್ತವೆಂದು ತೋರಿಸುವ ಸಾಧನವನ್ನು ಓಡಿಸಿದಾಗ ಜಗಳದ ಜಾಗ ಸಿಕ್ಕಿತು. ನನ್ನ ಪ್ರೊಸೆಸರ್ ಮೆಮೊರಿಯನ್ನು 64 ಬೈಟ್‌ನ ತುಂಡುಗಳಾಗಿ, ಅಂದರೆ ಕ್ಯಾಶ್ ಲೈನ್‌ಗಳಾಗಿ, ಕೋರ್‌ನ ಹತ್ತಿರದ ಪುಟ್ಟ ವೇಗದ ಮೆಮೊರಿಗೆ (ಕ್ಯಾಶ್) ಎತ್ತಿಕೊಳ್ಳುತ್ತದೆ. ತಲಾ 8 ಬೈಟ್‌ನ ಎಂಟು ಕೌಂಟರ್ ಸಾಲಾಗಿ ಕೂತರೆ ಸರಿಯಾಗಿ ಒಂದು ಲೈನ್! ಬರೆಯುವ ಕೋರ್‌ಗೆ ಆ ಲೈನ್ ತನ್ನೊಬ್ಬನದೇ ಆಗಿರಬೇಕು. ಉಳಿದ ಕೋರ್‌ಗಳ ಪ್ರತಿಗಳೆಲ್ಲ ರದ್ದಾಗುತ್ತವೆ. ಮರುಕ್ಷಣ ಪಕ್ಕದ ಕೋರ್ ಅದನ್ನೇ ಕಿತ್ತುಕೊಳ್ಳುತ್ತದೆ. ಎಂಟು ಜನ ಲೆಕ್ಕಿಗರು ತಮ್ಮ ತಮ್ಮ ಪುಟ ಬರೆಯಲು ಒಂದೇ ದಫ್ತರನ್ನು ಕೈಯಿಂದ ಕೈಗೆ ಎಳೆದಾಡಿದ ಹಾಗೆ. ಲಾಕ್ ಇಲ್ಲದಿದ್ದರೆ ಹಂಚಿಕೆಯ ಖರ್ಚೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ತುಂಬ ಆಳವಾಗಿ ಬೇರೂರಿದೆ. ಆದರೆ ಖರ್ಚು ಬರುವುದು ಬರವಣಿಗೆಯಿಂದ. ಎಲ್ಲರೂ ಬರೀ ಓದುತ್ತಿದ್ದರೆ ಎಂಟು ಪ್ರತಿಗಳೂ ನೆಮ್ಮದಿಯಾಗಿ ಇರುತ್ತವೆ.

ಎಣಿಕೆಯನ್ನು ಆ ಥ್ರೆಡ್ ಮಾತ್ರ ಬಳಸುವ ಲೋಕಲ್ ವೇರಿಯಬಲ್‌ಗೆ ತಂದು, ಫೋಟೊ ಮುಗಿದಾಗ ಒಮ್ಮೆ ಮಾತ್ರ ಹೊರಗೆ ಕೂಡಿಸಿದೆ. ಹೊರಗಿನ ಕೌಂಟರ್‌ಗಳನ್ನು ಒಂದೊಂದೂ ಬೇರೆ ಲೈನ್‌ನಲ್ಲಿ ಕೂರಲೆಂದು 64 ಬೈಟ್ ಅಂತರಕ್ಕೆ ಸರಿಸಿದೆ. ಈಗ ಎಂಟನೆಯ ಥ್ರೆಡ್‌ಗೂ ಬೆಲೆ ಬಂತು.

ಕೆಲಸ ಹಂಚುವುದು ಸುಲಭದ ಭಾಗ. ಫೋಟೊಗಳನ್ನು ಮೊದಲೇ ಎಂಟು ಪಾಲು ಮಾಡಿದರೆ ದೊಡ್ಡ ಫೋಟೊ ಸಿಕ್ಕ ಥ್ರೆಡ್‌ಗಾಗಿ ಉಳಿದವು ಕಾಯುತ್ತವೆ. ಬಿಡುವಾದ ಥ್ರೆಡ್ ತಾನೇ ಬಂದು ಮುಂದಿನ ಹದಿನಾರು ಫೋಟೊ ಎತ್ತಿಕೊಳ್ಳಲಿ ಎಂದು ಬಿಟ್ಟೆ. ಅಷ್ಟಕ್ಕೆ ಒಂದು ಅಟಾಮಿಕ್ ಸಂಖ್ಯೆ ಸಾಕು.

ಉಳಿದಿರುವುದು ಫೋಟೊ ಫೈಲನ್ನು ಪಿಕ್ಸೆಲ್‌ಗಳಾಗಿ ಬಿಚ್ಚುವ ಹಂತ, ಅದಿನ್ನೂ ಒಂದೇ ಥ್ರೆಡ್‌ನಲ್ಲಿದೆ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್‌ಡಾಲ್ ಮಂಡಿಸಿದ ವಾದದ ಪ್ರಕಾರ ಕೆಲಸದ ಹತ್ತನೇ ಒಂದು ಭಾಗ ಹೀಗೆ ಒಂಟಿಯಾಗಿ ಉಳಿದರೂ ಎಂಟು ಕೋರ್‌ನಿಂದ ಸಿಗುವ ವೇಗ ಹೆಚ್ಚೆಂದರೆ 4.7 ಪಟ್ಟು. ಈ ವಾರ ಅದನ್ನೂ ಎಂಟು ಥ್ರೆಡ್‌ಗಳಿಗೆ ಹಂಚುತ್ತಿದ್ದೇನೆ.