ಕಾರಿನ ಸೈಲೆನ್ಸರ್ ಸದ್ದು: ದಂಡ ಬೀಳುವ ಮೊದಲೇ ಏನೇನು ನೋಡಿಕೊಳ್ಳಬೇಕು?

‘ಎಷ್ಟು ಡೆಸಿಬಲ್ ತನಕ ಬಿಡ್ತಾರೆ ಅಣ್ಣ?’ ಸೈಲೆನ್ಸರ್ ಬದಲಾಯಿಸಲು ಗ್ಯಾರೇಜಿಗೆ ಬರುವ ಹುಡುಗರು ಮೊದಲು ಕೇಳುವುದೇ ಇದನ್ನು. ಶಿವಮೊಗ್ಗದ ಸವಳಂಗ ರಸ್ತೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ಸಂಜೆ ಹೊತ್ತು ನಿಂತರೆ ಪಟಾಕಿ ಸಿಡಿಸಿಕೊಂಡು ಹೋಗುವ ಒಂದಾದರೂ ಕಾರು ಕಣ್ಣಿಗೆ ಬೀಳುತ್ತದೆ. ಅದರ ಮಾಲೀಕನನ್ನು ಕೇಳಿ ನೋಡಿ, ‘ಲಿಮಿಟ್ ಒಳಗೇ ಇದೆ’ ಅನ್ನುತ್ತಾನೆ. ಇಂತಿಷ್ಟು ಡೆಸಿಬಲ್ ಒಳಗಿದ್ದರೆ ಯಾವ ಸೈಲೆನ್ಸರ್ ಬೇಕಾದರೂ ಹಾಕಿಕೊಳ್ಳಿ ಅಂತ ಕಾನೂನು ಎಲ್ಲೂ ಹೇಳಿಲ್ಲ. ಗಾಡಿಗೆ ಒಪ್ಪಿಗೆ ಸಿಕ್ಕಾಗ ಇದ್ದ ಸೈಲೆನ್ಸರ್ ಈಗಲೂ ಇದೆಯೇ, ಇದ್ದರೆ ನೆಟ್ಟಗೆ ಕೆಲಸ ಮಾಡುತ್ತಿದೆಯೇ? ಮಾತು ನಿಲ್ಲುವುದು ಅಲ್ಲಿ.

ಹೆಜ್ಜೆ 1: ನಿಯಮ ತಿಳಿದುಕೊಳ್ಳಿ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ, ಹೊಲಕ್ಕಿಳಿಯುವ ಟ್ರ್ಯಾಕ್ಟರಿಗೂ, ಸದ್ದನ್ನು ಆದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಸದ್ದಿನ ಮಿತಿ ಇರುವುದು 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ. 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಪಟ್ಟಿಯಲ್ಲಿ, ಚಾಲಕನೂ ಸೇರಿ 9 ಸೀಟಿನೊಳಗಿನ ಕಾರಿಗೆ 74 ಡೆಸಿಬಲ್, 175 ಸಿಸಿ ಮೀರಿದ ಬೈಕಿಗೆ 80 ಡೆಸಿಬಲ್.

ಹುಡುಗರು ಬಾಯಿಪಾಠ ಮಾಡಿಕೊಂಡಿರುವ ‘80 ಡೆಸಿಬಲ್’ ಹೀಗೆ ಬೈಕಿನ ಲೆಕ್ಕದಿಂದ ಬಂದದ್ದು, ಕಾರಿಗೆ ಸಂಬಂಧವಿಲ್ಲ. 74 ಕೂಡ ತಯಾರಿಕೆಯ ಹಂತದ ಮಿತಿ. ಪರೀಕ್ಷಾ ಟ್ರ್ಯಾಕಿನಲ್ಲಿ ಗಾಡಿ ವೇಗ ಹೆಚ್ಚಿಸಿಕೊಳ್ಳುತ್ತ ಹಾದುಹೋಗುವಾಗ, ಅದು ಸಾಗುವ ಗೆರೆಯಿಂದ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆದದ್ದು. ಮನೆ ಮುಂದೆ ಗಾಡಿ ನಿಲ್ಲಿಸಿ ಬಾಲದ ಹತ್ತಿರ ಮೊಬೈಲ್ ಆ್ಯಪ್ ಹಿಡಿದರೆ ಬರುವ ಅಂಕಿಗೂ ಇದಕ್ಕೂ ತಾಳೆಯಾಗದು. ಇನ್ನೊಂದು ವಿಷಯ: ಡೆಸಿಬಲ್ಲಿನಲ್ಲಿ 10 ಹೆಚ್ಚಾಯಿತು ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ‘74 ಇದ್ದದ್ದು 84 ಆಗಿದೆ ಅಷ್ಟೇ’ ಅನ್ನುವವರು ಇದನ್ನು ಗಮನಿಸಬೇಕು.

ಶಿಕ್ಷೆಗೆ ಎರಡು ದಾರಿಗಳಿವೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು ಸದ್ದು ಮತ್ತು ಹೊಗೆಯ ಮಾನದಂಡ ಮೀರಿದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರಿಗೆ ಅನ್ವಯಿಸುತ್ತದೆ. ಮೊದಲ ಸಲ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೇಲೆ 3 ತಿಂಗಳು ಲೈಸೆನ್ಸ್ ಅನರ್ಹತೆ. ಮತ್ತೆ ಸಿಕ್ಕಿಬಿದ್ದರೆ ಜೈಲಿನ ಅವಧಿ 6 ತಿಂಗಳವರೆಗೆ ಏರುತ್ತದೆ. ಎರಡನೆಯದು 2019ರ ತಿದ್ದುಪಡಿಯಲ್ಲಿ ಸೇರಿದ 182ಎ(4). ಇದು ಮಾಲೀಕರ ತಲೆಗೆ ಬರುವಂಥದ್ದು: ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಒಂದೊಂದು’ ಅನ್ನುವುದರ ಮೇಲೆ ಕಣ್ಣಿರಲಿ. ಗಾಡಿ ಓಡಿಸಿದ್ದು ಮಗ, ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ಇಬ್ಬರಿಗೂ ತಲೆನೋವು.

52ನೇ ಕಲಮಿನ ಬಗ್ಗೆ ಗ್ಯಾರೇಜುಗಳಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ನಿಗದಿಪಡಿಸಿದ್ದಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ‘ಆರ್‌ಸಿಯಲ್ಲಿ ಸೈಲೆನ್ಸರ್ ಅಂತ ಕಾಲಂ ಎಲ್ಲಿದೆ?’ ಎಂದು ಕೇಳುವ ಜಾಣರಿದ್ದಾರೆ. ಇಲ್ಲ, ನಿಜ. ಆದರೆ 120ನೇ ನಿಯಮ ಮತ್ತು 190(2) ಇರುವಾಗ ಆ ಜಾಣತನದಿಂದ ಲಾಭವೇನೂ ಇಲ್ಲ.

ಹೆಜ್ಜೆ 2: ಗಾಡಿಯ ಅಡಿಗೆ ಇಣುಕಿ

ಮಲೆನಾಡಿನಲ್ಲಿ ಸದ್ದು ಮಾಡುವ ಕಾರುಗಳೆಲ್ಲ ಶೋಕಿಯವಲ್ಲ. ಎಷ್ಟೋ ಗಾಡಿಗಳ ಸೈಲೆನ್ಸರ್ ತುಕ್ಕು ತಿಂದಿರುತ್ತದೆ. ಎಂಜಿನ್ನಿನಲ್ಲಿ ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಮನೆಯಿಂದ ಪೇಟೆಗೆ ಎರಡು ಮೈಲಿ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಆ ನೀರು ಒಳಗೇ ಉಳಿದು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಮಳೆಗಾಲದ ಕೆಸರು. ತೋಟದ ದಾರಿಯಲ್ಲಿ ಕಲ್ಲು ಬಡಿದು ನೇತುಹಾಕುವ ರಬ್ಬರ್ ಹರಿದರೆ ಪೈಪು ಜಗ್ಗಿ ಜಾಯಿಂಟ್ ಬಿಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ರ‍್ಯಾಂಪಿಗೆ ಏರಿಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಸೈಲೆನ್ಸರ್ ಡಬ್ಬವನ್ನು ಮೆಲ್ಲಗೆ ಬಡಿಯಿರಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ. ತಿಂದುಹೋದದ್ದು ಮಂಕಾಗಿ ‘ದಬ್’ ಎನ್ನುತ್ತದೆ, ಒಳಗಿನ ತಟ್ಟೆ ಕಳಚಿದ್ದರೆ ಜರಜರ ಅಲುಗುತ್ತದೆ. ಡಬ್ಬದ ಅಂಚಿನ ಮಡಿಕೆಯ ಉದ್ದಕ್ಕೂ ಬೆರಳಾಡಿಸಿದರೆ ಕೆಂಪು ಹೊಟ್ಟು ಉದುರುತ್ತದೆಯೇ ನೋಡಿ. ಜಾಯಿಂಟ್ ಸುತ್ತ ಕಪ್ಪು ಮಸಿ ಕೂತಿದ್ದರೆ ಅಲ್ಲಿ ಹೊಗೆ ಸೋರುತ್ತಿದೆ ಎಂದೇ ಅರ್ಥ. ಹಲವು ಸೈಲೆನ್ಸರುಗಳ ಕೆಳಗೆ ಗುಂಡುಸೂಜಿ ತಲೆಯಷ್ಟು ಸಣ್ಣ ತೂತು ಇರುತ್ತದೆ. ಅದು ನೀರು ಇಳಿಯಲು ಕಂಪನಿಯವರೇ ಬಿಟ್ಟದ್ದು. ಉತ್ಸಾಹದಲ್ಲಿ ಅದನ್ನೂ ವೆಲ್ಡ್ ಮಾಡಿಸಿಬಿಡಬೇಡಿ.

ಸೋರಿಕೆಯನ್ನು ‘ಮಳೆ ಹೋಗಲಿ, ಆಮೇಲೆ ನೋಡೋಣ’ ಎಂದು ಮುಂದೂಡುವುದು ಅಪಾಯ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಗುಂಬೆ ಮಳೆಯಲ್ಲಿ ಗಾಜು ಏರಿಸಿಕೊಂಡು ಕೂತಾಗಲೇ ಅದು ಒಳಗೆ ಸೇರಿಕೊಂಡರೆ ಗತಿಯೇನು? ಕೂಡಲೇ ರಿಪೇರಿ ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ.

ಹೆಜ್ಜೆ 3: ಏನು ಬದಲಾಗಿದೆ ಗುರುತಿಸಿ

ಎಂಜಿನ್ ಕಡೆಯಿಂದ ಬಾಲದ ಕಡೆಗೆ ಕೈಮಾಡಿ ಲೆಕ್ಕ ಹಾಕಿ: ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಬಹುಪಾಲು ಕಾರುಗಳಲ್ಲಿ ರೆಸೊನೇಟರ್ ಎಂಬ ಸಣ್ಣ ಡಬ್ಬ, ಹಿಂದೆ ದೊಡ್ಡ ಸೈಲೆನ್ಸರ್. ತುದಿಗೆ ಸಿಕ್ಕಿಸುವ ಹೊಳೆಯುವ ಟಿಪ್ ಬರೀ ಅಲಂಕಾರ, ಸದ್ದಿಗೆ ಅದರ ಪಾಲು ಅಷ್ಟಕ್ಕಷ್ಟೇ. ರೆಸೊನೇಟರ್ ಕಿತ್ತು ಪೈಪ್ ಕೂಡಿಸಿದ್ದರೆ, ಹಿಂದಿನ ಡಬ್ಬ ಬದಲಿಸಿದ್ದರೆ, ‘ಸ್ಟ್ರೇಟ್ ಪೈಪ್’ ಎಂದು ಎಲ್ಲವನ್ನೂ ತೆಗೆದುಹಾಕಿದ್ದರೆ ತೊಂದರೆ ಖಚಿತ. ಆಕ್ಸಿಲರೇಟರ್ ಬಿಟ್ಟಾಗ ಬರುವ ಪಟಪಟ ಸಿಡಿತ ಹೆಚ್ಚಾಗಿ ರೀಮ್ಯಾಪಿನ, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿದ್ದರ ಕೆಲಸ, ಅದನ್ನು ಮೊದಲಿನ ಸ್ಥಿತಿಗೆ ತರಿಸುವುದು ಮರೆಯಬಾರದು.

ಕ್ಯಾಟಲಿಟಿಕ್ ಕನ್ವರ್ಟರ್ ಕಥೆಯೇ ಬೇರೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳು ಇರುತ್ತವೆ. ‘ಲೇಬರ್ ಬೇಡ, ಹಳೇದು ನಮಗೇ ಬಿಡಿ ಮಾರಾಯ್ರೆ’ ಎಂದು ಯಾರಾದರೂ ಉದಾರಿಯಾದರೆ ಆ ಉದಾರತೆ ಎಲ್ಲಿಂದ ಬಂತೆಂದು ಊಹಿಸಿಕೊಳ್ಳಿ. ಅದನ್ನು ತೆಗೆದ ಗಾಡಿ ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳಬಹುದು. ಇನ್ನು ‘ನನ್ನ ಹತ್ತಿರ ಪಿಯುಸಿ ಸರ್ಟಿಫಿಕೇಟ್ ಇದೆ’ ಎಂಬ ಮಾತು: ಪಿಯುಸಿ ಅಳೆಯುವುದು ಹೊಗೆಯನ್ನು, ಸದ್ದನ್ನಲ್ಲ.

ಹೆಜ್ಜೆ 4: ಅಂಗಡಿಯವರ ಮಾತು ತೂಗಿ ನೋಡಿ

‘ರೋಡ್ ಲೀಗಲ್’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಯುರೋಪಿನ ‘ಇ’ ಗುರುತು ಅಲ್ಲಿನ ಒಪ್ಪಿಗೆ, ಇಲ್ಲಿ ಅದೊಂದರಿಂದಲೇ ಕೆಲಸವಾಗದು. ನಮ್ಮಲ್ಲಿ ಗಾಡಿಗಳಿಗೆ ಪರೀಕ್ಷೆ ನಡೆಸಿ ಒಪ್ಪಿಗೆ ಕೊಡುವುದು ಪುಣೆಯ ಎಆರ್‌ಎಐನಂಥ ಸಂಸ್ಥೆಗಳು. ನಿಮ್ಮದೇ ಮಾದರಿಯ ಕಾರಿಗೆ ಇದಕ್ಕೆ ಒಪ್ಪಿಗೆ ಇದೆಯೇ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿ. ಬಾಯಿಮಾತಿನಲ್ಲಿ ಇದ್ದ ಧೈರ್ಯ ಬಿಲ್ ಪುಸ್ತಕ ತೆರೆದಾಗ ಉಳಿಯುವುದು ಅಪರೂಪ. ಅನುಮಾನವಿದ್ದರೆ ಶಿವಮೊಗ್ಗ ಅಥವಾ ಸಾಗರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ದುಡ್ಡು ಕೊಟ್ಟ ಮೇಲಲ್ಲ.

ಎಸ್ಟೇಟ್ ಜೀಪಿನವರು ‘ನಮ್ಮದು ತೋಟದೊಳಗೆ ಮಾತ್ರ ಓಡೋದು’ ಅನ್ನುತ್ತಾರೆ. ಜನರಿಗೆ ಪ್ರವೇಶದ ಹಕ್ಕಿಲ್ಲದ ಸ್ವಂತ ತೋಟದಲ್ಲಿ 190(2) ಅನ್ವಯಿಸದು, ಒಪ್ಪೋಣ. ಆದರೆ ಡೀಸೆಲ್ ಹಾಕಿಸಲು ಗೇಟು ದಾಟಿದ ಕ್ಷಣದಿಂದ ಅದು ರಸ್ತೆಯ ಗಾಡಿಯೇ.

ಹೆಜ್ಜೆ 5: ಪೊಲೀಸರು ಕೈ ಅಡ್ಡ ಹಾಕಿದರೆ

ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ. ‘ನೋಡಿ ಸರ್, ಸೌಂಡೇ ಇಲ್ಲ’ ಎಂದು ಆಕ್ಸಿಲರೇಟರ್ ಒತ್ತಿ ತೋರಿಸುವುದು ಬೇಡ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿ, ಲೈಸೆನ್ಸ್ ನಡೆಯುತ್ತದೆ. ಯಾವ ಕಲಮಿನಡಿ ಕೇಸು ಎಂದು ವಿನಯದಿಂದಲೇ ಕೇಳಿ, ಚಲನ್‌ನಲ್ಲಿ ಅದೇ ಬರೆದಿದೆಯೇ ಓದಿಕೊಳ್ಳಿ. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ, ಕೇಸು ಕೋರ್ಟಿಗೆ ಹೋದರೆ ಮೊತ್ತ ಬೇರೆಯಾಗಬಹುದು. ರಸೀದಿಯಿಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ. ತುಕ್ಕು ಹಿಡಿದ ಸೈಲೆನ್ಸರ್ ಎಂದಾದರೆ ಗ್ಯಾರೇಜ್ ಬಿಲ್ಲು, ಬುಕಿಂಗ್ ಮೆಸೇಜು ತೋರಿಸಿ. ಅಧಿಕಾರಿ ಬಿಟ್ಟೇಬಿಡುತ್ತಾರೆಂದಲ್ಲ, ಮಾತಾಡಲು ಒಂದು ಆಧಾರವಾದರೂ ಇರುತ್ತದೆ. ಚಲನ್ ತಪ್ಪೆನಿಸಿದರೆ ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ಇದ್ದೇ ಇದೆ.

ಬದಲಿಸಿದ ಸೈಲೆನ್ಸರುಗಳನ್ನು ಬಿಚ್ಚಿಸಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವುದನ್ನು ರಾಜ್ಯದ ಪೊಲೀಸರು ಹಲವು ಊರುಗಳಲ್ಲಿ ಮಾಡಿ ತೋರಿಸಿದ್ದಾರೆ. ಆದ್ದರಿಂದ ಹೊಸದನ್ನು ಹಾಕಿಸಿದವರು ಹಳೆಯ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಿದ್ದರೆ ಎರಡು ಕಡೆಯೂ ನಷ್ಟ.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಿಂದಿನ ಮಾಲೀಕ ಮಾಡಿಸಿದ್ದಾದರೂ ಓಡಿಸುವವರು ನೀವು. ಅಡ್ವಾನ್ಸ್ ಕೊಡುವ ಮೊದಲು ಎರಡನೇ ಹೆಜ್ಜೆಯ ತಪಾಸಣೆ ಮಾಡಿಸಿ, ಕಂಪನಿ ಸೈಲೆನ್ಸರ್ ಕೂಡಿಸಿ ಕೊಡುವಂತೆ ಕೇಳಿ. ಇಲ್ಲದಿದ್ದರೆ ಅದರ ಬೆಲೆಯನ್ನು ವ್ಯವಹಾರದಲ್ಲಿ ಮುರಿದುಕೊಳ್ಳಿ. ಮಾರ್ಪಾಡನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸದಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು.

ಸದ್ದು ಕೇಳಿಸಿಕೊಳ್ಳುವ ಕಡೆ ಇರುವವರಿಗೂ ಒಂದು ಮಾತು. ಘಟ್ಟದ ತಿರುವಿನಲ್ಲಿ ಏರಿಸಿದ ಎಂಜಿನ್ ಸದ್ದು ಕೆಳಗಿನ ಅಡಿಕೆ ತೋಟದ ಮನೆಯ ಜಗಲಿಗೆ ನೇರ ಇಳಿಯುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ, ಮುಂದೆ ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ಹಕ್ಕಿಗಳು ಗೂಡು ಕಟ್ಟುವ ತುಂಗೆಯ ನಡುಗಡ್ಡೆ ರಸ್ತೆಗೆ ಅಂಟಿಕೊಂಡೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಒಂದೇ ಗಾಡಿ ದಿನವೂ ಕಾಡುತ್ತಿದ್ದರೆ ಬೀದಿಗಿಳಿದು ಜಗಳ ಆಡಬೇಡಿ. ನಂಬರ್ ಪ್ಲೇಟ್, ಸಮಯ, ಜಾಗ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಸದ್ದು ಕೇಳುವಂತೆ ವಿಡಿಯೊ ಮಾಡಿ ಸಂಚಾರ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಹೊತ್ತಿಗೇ ಪೊಲೀಸರು ಬರಬೇಕೆಂದರೆ 112ಕ್ಕೆ ಕರೆ ಮಾಡಬಹುದು.