ಹೊಳೆಯ ಜೊತೆ ಘಟ್ಟ ಇಳಿಯಿರಿ: ಶಿರಸಿಯಿಂದ ತದಡಿಗೆ ನಾಲ್ಕು ದಿನ

ದಸರಾ ರಜೆ ಹತ್ತಿರ ಬಂದರೆ ಶಿರಸಿಯ ನಮ್ಮ ಮನೆಗೆ ನೆಂಟರ ಫೋನು ಶುರುವಾಗುತ್ತದೆ. "ಎರಡು ದಿನ ಇದೆ. ಜೋಗ, ಯಾಣ, ಗೋಕರ್ಣ, ಮುರ್ಡೇಶ್ವರ, ಕಾರವಾರ ಎಲ್ಲಾ ಆಗುತ್ತಾ?" ಬೇಡ ಎನ್ನುತ್ತೇನೆ. ಉತ್ತರ ಕನ್ನಡದಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ, ಘಟ್ಟದ ಲೆಕ್ಕ ಹಾಕಬೇಕು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಅಷ್ಟೇ. ಆದರೆ ನಡುವೆ ದೇವಿಮನೆ ಘಟ್ಟ ಕೂತಿದೆಯಲ್ವಾ?

ನನ್ನ ಸಲಹೆ ಇಷ್ಟು. ಊರುಗಳ ಪಟ್ಟಿ ಬಿಡಿ, ಒಂದು ಹೊಳೆ ಹಿಡಿಯಿರಿ. ಅಘನಾಶಿನಿ ಶಿರಸಿಯ ಆಸುಪಾಸಿನಲ್ಲೇ ಹುಟ್ಟುತ್ತದೆ, ಉಂಚಳ್ಳಿಯಲ್ಲಿ ಧುಮುಕುತ್ತದೆ, ತದಡಿಯಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಇಂಥ ಹೊಳೆ ಈಗ ಎಷ್ಟಿವೆ ಹೇಳಿ.

ಹೊರಡುವ ಮೊದಲು

ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಹೊಳೆಯಲ್ಲಿ ನೀರಿರುತ್ತದೆ, ದಾರಿ ಒಣಗಿರುತ್ತದೆ. ಜುಲೈನಲ್ಲಿ ಬರಲೇಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಆ ನೋವು ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಜೋರು ಮಳೆಯ ಮುನ್ಸೂಚನೆ ಇದ್ದರೆ ಪ್ರವಾಸ ಮುಂದೂಡಿ.

ಶಿರಸಿಗೆ ರೈಲಿಲ್ಲ. ಬೆಂಗಳೂರಿನವರು ರಾತ್ರಿ ಬಸ್ ಹತ್ತುವುದೇ ಸುಲಭ. ರೈಲೇ ಬೇಕೆಂದರೆ ತಾಳಗುಪ್ಪ ಅಥವಾ ಹಾವೇರಿಯಲ್ಲಿ ಇಳಿದು ಬಸ್ ಹಿಡಿಯಿರಿ. ಎರಡು ರಾತ್ರಿ ಶಿರಸಿ, ಒಂದು ರಾತ್ರಿ ಕುಮಟಾ ಎಂದು ರೂಮ್ ಗೊತ್ತು ಮಾಡಿಕೊಳ್ಳಿ. ಘಟ್ಟ ಒಂದೇ ಸಲ ಇಳಿಯಿರಿ, ಮತ್ತೆ ಹತ್ತಬೇಡಿ. ಮಕ್ಕಳಿಗೆ ತಿರುವಿನಲ್ಲಿ ವಾಂತಿ ಬರುವುದೂ ಇದರಿಂದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮೊದಲ ದಿನ: ಹುಟ್ಟಿದ ಜಾಗ

ಬೆಳಿಗ್ಗೆ ಶಿರಸಿ ಪೇಟೆಯ ಶಂಕರ ಹೊಂಡಕ್ಕೆ ಹೋಗಿ. ಹೊಳೆಯ ಒಂದು ಮೂಲ ಇದು. ಇನ್ನೊಂದು ಮಂಜುಗುಣಿಯಲ್ಲಿದೆ. ಅಲ್ಲಿಯ ವೆಂಕಟರಮಣ ದೇವಸ್ಥಾನವನ್ನೂ ನೋಡಿ ಬನ್ನಿ. ಸಂಜೆಗೆ ಮಾರಿಕಾಂಬೆಯ ದರ್ಶನ.

ಊಟಕ್ಕೆ ತಂಬುಳಿ, ಅಪ್ಪೆಹುಳಿ ಸಿಗುವ ಕಡೆ ಕೂರಿ. ತೊಡದೇವು ಎಂಬ ಸಿಹಿತಿಂಡಿ ಮಾಡುವುದು ಕಂಡರೆ ಐದು ನಿಮಿಷ ಅಲ್ಲೇ ನಿಲ್ಲಿ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿಗೆ ಒಂದೇ ಎಳೆತದಲ್ಲಿ ತೊಡೆಯುತ್ತಾರೆ. ಚುರ್ ಎಂದು ಸದ್ದು, ಕಬ್ಬಿನ ಘಮ. ಅಂಚು ಏಳುತ್ತಿದ್ದಂತೆ ಕಾಗದದಷ್ಟು ತೆಳ್ಳಗಿನ ಹಾಳೆಯನ್ನು ಬಿಡಿಸಿ ಮಡಚುತ್ತಾರೆ. ಒಂದು ಕ್ಷಣ ತಡವಾದರೂ ಅದು ಮುರಿಯುತ್ತದೆ.

ಎರಡನೇ ದಿನ: ಉಂಚಳ್ಳಿ

ಇದಕ್ಕೆ ಪೂರ್ತಿ ದಿನ ಕೊಡಿ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಮೇಲಿಂದ ದಾರಿ. ಬಸ್ಸಿನಲ್ಲಿ ಬರುವವರು ಅಲ್ಲಿಂದ ಸುಮಾರು 5 ಕಿ.ಮೀ. ನಡೆಯಬೇಕು. ಮಳೆ ಬಿಟ್ಟು ಜಾಸ್ತಿ ದಿನ ಆಗಿಲ್ಲದಿದ್ದರೆ ಉಂಬಳ, ಅಂದರೆ ಜಿಗಣೆ, ಇರುತ್ತದೆ. ಗಾಬರಿಯಾಗಿ ಎಳೆಯಬೇಡಿ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಆಮೇಲೆ ತಾನೇ ನಿಲ್ಲುತ್ತದೆ.

ಇಲ್ಲಿ ಹೊಳೆ 116 ಮೀಟರ್ ಎತ್ತರದಿಂದ ಬೀಳುತ್ತದೆ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಲಷಿಂಗ್ಟನ್ ಜಲಪಾತ ಎಂದೂ ಕರೆಯುತ್ತಾರೆ. ನಮಗೆ ಇದು ಕೆಪ್ಪ ಜೋಗ. ಆ ಹೆಸರು ಯಾಕೆಂದು ನನಗೆ ಗೊತ್ತಾದದ್ದು ಚಿಕ್ಕವಳಿದ್ದಾಗ, ಒಂದು ಆಗಸ್ಟ್‌ನಲ್ಲಿ. ಎದುರಿಗೆ ಬರೀ ಮಂಜು. ನೀರು ಕಾಣಲಿಲ್ಲ, ಸದ್ದು ಮಾತ್ರ ಎದೆಯೊಳಗೇ ಬಡಿಯುತ್ತಿತ್ತು. ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದ ಅಪ್ಪಯ್ಯ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಸುಮಾರು ಒಂದು ಗಂಟೆ ಕಾದ ಮೇಲೆ ಮಂಜು ಸರಿದು, ಬಿಳೀ ನೀರು ಪೂರ್ತಿಯಾಗಿ ಕಂಡಿತು. ಹಾಗಾಗಿ ಹೋದವರು ಫೋಟೊ ತೆಗೆದು ಓಡಬೇಡಿ, ಕಾಯಿರಿ. ಕಟ್ಟೆ ದಾಟಿ ಬಂಡೆಯ ಮೇಲೆ ಮಾತ್ರ ಇಳಿಯಬೇಡಿ. ಪಾಚಿ ಕಾಣುವುದಿಲ್ಲ, ಕಾಲು ಜಾರುತ್ತದೆ.

ಮೂರನೇ ದಿನ: ಘಟ್ಟ, ಯಾಣ

ದೇವಿಮನೆ ಘಟ್ಟದ ದಾರಿ ತೆರೆದಿದೆಯಾ ಎಂದು ಶಿರಸಿ ಬಸ್ ನಿಲ್ದಾಣದಲ್ಲಿ ಕೇಳಿಕೊಂಡೇ ಹೊರಡಿ. "ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಎಂಬ ಮಾತು ಹುಟ್ಟಿದ್ದು ಯಾಣಕ್ಕೆ ರಸ್ತೆ ಇಲ್ಲದಿದ್ದಾಗ. ಈಗ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಇಲ್ಲಿ ಎರಡು ದೊಡ್ಡ ಬಂಡೆಗಳು: ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಬಂಡೆಯ ಸಂದಿಯಲ್ಲಿ ನಡೆಯುವಾಗ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಇಲ್ಲಿ ಹುಟ್ಟುವ ಚಂಡಿಹೊಳೆಯೂ ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಯನ್ನೇ ಸೇರುತ್ತದೆ. ಮೂರೇ ದಿನ ಇರುವವರು ಯಾಣ ಬಿಡಿ, ಉಂಚಳ್ಳಿ ಬಿಡಬೇಡಿ. ರಾತ್ರಿ ಕುಮಟಾದಲ್ಲಿ ಉಳಿಯಿರಿ.

ನಾಲ್ಕನೇ ದಿನ: ಅಳಿವೆ

ಹೆಚ್ಚಿನವರು ಹೊಳೆ ಸಮುದ್ರ ಸೇರುವ ಈ ಜಾಗ ನೋಡದೆ ಸೀದಾ ಗೋಕರ್ಣದ ಬೀಚಿಗೆ ಹೋಗುತ್ತಾರೆ. ನನಗೆ ಬೇಸರವಾಗುವುದು ಇದಕ್ಕೇ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದಂಡೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ ಅದು. ಅಕ್ಟೋಬರ್‌ನಲ್ಲಿ ಬಂದರೆ ಮಾಣಿಕಟ್ಟಾದ ಕಡೆ ತೆನೆ ಕಾಣಬಹುದು.

ಸಮುದ್ರದ ನೀರು ಇಳಿಯುವ ಹೊತ್ತನ್ನು ಹಿಂದಿನ ರಾತ್ರಿಯೇ ಊರವರ ಹತ್ತಿರ ಕೇಳಿಟ್ಟುಕೊಳ್ಳಿ. ಆಗ ಹೆಂಗಸರು, ಗಂಡಸರು ಸೊಂಟದ ಮಟ್ಟದ ನೀರಿಗಿಳಿದು ಕೈಯಲ್ಲೇ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅದು ಅವರ ದುಡಿಮೆ. ಕೇಳದೆ ಫೋಟೊ ತೆಗೆಯಬೇಡಿ. ಮೀನು ತಿನ್ನುವವರಾದರೆ ಮಧ್ಯಾಹ್ನದ ಊಟಕ್ಕೆ ಬಳಚಿನ ಸುಕ್ಕಾ ಕೇಳಿ.

ಕೊನೆಗೆ ಅಘನಾಶಿನಿ ಊರಿನಿಂದ ದೋಣಿ ಹತ್ತಿ ತದಡಿಗೆ ದಾಟಿ. ಎಡಕ್ಕೆ ಸಮುದ್ರ, ಬಲಕ್ಕೆ ನೀವು ಇಳಿದು ಬಂದ ಗುಡ್ಡಗಳು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕುಮಟಾದಲ್ಲೇ ವಿಚಾರಿಸಿ. ತದಡಿಯಿಂದ ಗೋಕರ್ಣ ಹತ್ತಿರ. ರೈಲು ಹಿಡಿಯುವವರಿಗೆ ಗೋಕರ್ಣ ರೋಡ್ ನಿಲ್ದಾಣ ಪೇಟೆಯಿಂದ ಸುಮಾರು 10 ಕಿ.ಮೀ. ಆಗುತ್ತದೆ, ರಾತ್ರಿ ರೈಲಾದರೆ ಆಟೋದವರಿಗೆ ಮೊದಲೇ ಹೇಳಿಡಿ.