ಓಡುವಾಗ ಎತ್ತರ, ನಿಂತಾಗ ನೆಲಕ್ಕೆ: ಏರ್ ರೈಡ್ ಬೈಕಿನ ಜೊತೆ ನನ್ನ ಅನುಭವ

ನನ್ನ ಎತ್ತರ ಐದಡಿ ಐದಿಂಚು. ನನ್ನ ಗಾಡಿ ಹಾರ್ಲಿ ಡೇವಿಡ್‌ಸನ್ ಸ್ಟ್ರೀಟ್ ಗ್ಲೈಡ್. ಪೆಟ್ರೋಲ್ ತುಂಬಿಸಿದರೆ 365 ಕೆ.ಜಿ. ದಾಟುತ್ತದೆ. ಗಾಳಿಯಿಂದ ಗಾಡಿಯನ್ನು ಎತ್ತಿ ಇಳಿಸುವ ಏರ್ ರೈಡ್ ಬೇಕಾಗಿದ್ದು ಇದಕ್ಕೇ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿರುವ ನಮ್ಮವರೆಲ್ಲ ಇದನ್ನು ಬರೀ ಶೋಕಿ ಅಂದುಕೊಂಡಿದ್ದಾರೆ. ಶೋಕಿಯೂ ಇದೆ, ಇಲ್ಲ ಅನ್ನಲ್ಲ. ಆದರೆ ನಿಜವಾದ ಉಪಯೋಗ ಗಾಡಿ ಓಡುವಾಗ ಅಲ್ಲ, ನಿಲ್ಲುವಾಗ.

ಸ್ಟ್ರೀಟ್ ಗ್ಲೈಡ್ ಸೀಟು ಅಷ್ಟೇನೂ ಎತ್ತರ ಇಲ್ಲ, ನೆಲದಿಂದ ಸುಮಾರು 27 ಇಂಚು. ಆದರೆ ಅಗಲ ಜಾಸ್ತಿ. ತೊಡೆ ಹರಡಿಕೊಂಡು ಕೂತರೆ ನನ್ನಂಥವನ ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವುದಿಲ್ಲ. ಮೇಲಾಗಿ ಇದು ಸೆಕೆಂಡ್ ಹ್ಯಾಂಡ್ ಕಸ್ಟಮ್ ಗಾಡಿ. ಹಳೇ ಮಾಲೀಕ ಮುಂದಕ್ಕೆ 23 ಇಂಚಿನ ಚಕ್ರ ಹಾಕಿಸಿದ್ದ, ಹಿಂದಿನ ಸಾಮಾನಿನ ಡಬ್ಬಿಗಳನ್ನೂ ಚಕ್ರದ ಮೇಲಿನ ಫೆಂಡರನ್ನೂ ಉದ್ದ ಎಳೆಸಿದ್ದ. ನೋಡಲು ಚೆನ್ನಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ಹಿಂದಕ್ಕೆ ತಳ್ಳುವಾಗ ಮಾತ್ರ ಬೆವರು ಕಿತ್ತುಕೊಂಡು ಬರುತ್ತಿತ್ತು.

ಏರ್ ರೈಡ್ ಅಂದರೇನು ಅಂತ ಬೆಂಗಳೂರಿನವರಿಗೆ ಹೇಳುವುದು ಸುಲಭ. ಬಿಎಂಟಿಸಿ ವೋಲ್ವೋ ಬಸ್ಸು ಸ್ಟಾಪಿನಲ್ಲಿ 'ಉಸ್' ಅಂತ ಒಂದು ಪಕ್ಕಕ್ಕೆ ಬಾಗಿ ಹತ್ತಿಸಿಕೊಳ್ಳುತ್ತದಲ್ಲ, ಅದೇ ಕೆಲಸ. ಸ್ಪ್ರಿಂಗ್ ಇರುವ ಜಾಗದಲ್ಲಿ ಗಾಳಿ. ಗಾಳಿ ತುಂಬಿದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಕುಪ್ಪಳಿಸುವುದನ್ನು ತಡೆಯುವ ಕೆಲಸ ಮಾಡುವುದಿಲ್ಲ. ಅದಕ್ಕೆ ಒಳಗೆ ಎಣ್ಣೆ ಇರುವ ಡ್ಯಾಂಪರ್ ಬೇಕೇ ಬೇಕು. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಷ್ಟು ಬೇಗ ಏಳುತ್ತದೆ, ಎಷ್ಟು ಕೆಳಗೆ ಕೂರುತ್ತದೆ ಅನ್ನುವುದೆಲ್ಲ ಆಮೇಲೆ.

ನಾನು ಹಾಕಿಸಿದ್ದು ಹಿಂದಿನ ಚಕ್ರಕ್ಕೆ ಮಾತ್ರ. ಸೈಡ್ ಕವರ್ ಹಿಂದೆ 12 ವೋಲ್ಟಿನ ಪುಟ್ಟ ಕಾಂಪ್ರೆಸರ್, ಜೊತೆಗೊಂದು ಸಣ್ಣ ಗಾಳಿ ಟ್ಯಾಂಕು, ಹ್ಯಾಂಡಲ್ ಹತ್ತಿರ ಮೇಲೆ-ಕೆಳಗೆ ಅನ್ನುವ ಎರಡು ಗುಂಡಿ. ಟ್ಯಾಂಕು ಇಲ್ಲದ ಸೆಟ್ಟೂ ಸಿಗುತ್ತದೆ, ಅಗ್ಗ. ಆದರೆ ಗುಂಡಿ ಒತ್ತಿದ ಮೇಲೆ ಕಾಂಪ್ರೆಸರ್ ಗೊಣಗುತ್ತಾ ಗಾಡಿಯನ್ನು ನಿಧಾನಕ್ಕೆ ಎತ್ತುವವರೆಗೂ ಕಾಯಬೇಕು. ಸಿಗ್ನಲ್ ಹಸಿರಾದಾಗ ಹಿಂದಿನ ಕಾರಿನವನು ಕಾಯುವುದಿಲ್ಲ. ಟ್ಯಾಂಕು ಇದ್ದರೆ ಒಂದೆರಡು ಸೆಕೆಂಡಿನ ಕೆಲಸ.

ಈಗ ಪಾರ್ಕಿಂಗ್ ವಿಷಯಕ್ಕೆ ಬರೋಣ. ಏರ್ ರೈಡ್ ಹಾಕಿಸಿದವರು ಮೊದಲು ಯೋಚಿಸಬೇಕಾದದ್ದು ಶಾಕ್ ಬಗ್ಗೆ ಅಲ್ಲ, ಸೈಡ್ ಸ್ಟ್ಯಾಂಡ್ ಬಗ್ಗೆ. ಕಂಪನಿಯ ಸ್ಟ್ಯಾಂಡು ಗಾಡಿ ಮಾಮೂಲಿ ಎತ್ತರದಲ್ಲಿದ್ದಾಗ ಎಡಕ್ಕೆ ಸರಿಯಾಗಿ ವಾಲುವ ಹಾಗೆ ಅಳತೆ ಮಾಡಿದ್ದು. ಗಾಡಿ ಎರಡು ಮೂರು ಇಂಚು ಕೂತರೂ ಸ್ಟ್ಯಾಂಡಿನ ಉದ್ದ ಹಾಗೇ ಇರುತ್ತದೆ ಅಲ್ವಾ? ಆಗ ಗಾಡಿ ವಾಲುವುದು ಬಿಟ್ಟು ನೆಟ್ಟಗಾಗುತ್ತದೆ. ಬಲಗಡೆಯಿಂದ ಯಾರಾದರೂ ಸುಮ್ನೆ ಸೀಟಿನ ಮೇಲೆ ಕೈ ಇಟ್ಟು ಎಳೆದರೂ ಸಾಕು, ಆ ಕಡೆ ಮಲಗುತ್ತದೆ.

ಹಾರ್ಲಿ ಸ್ಟ್ಯಾಂಡಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದರ ಬುಡದಲ್ಲಿ ಒಂದು ಹಲ್ಲು ಇರುತ್ತದೆ. ಗಾಡಿಯ ಭಾರ ಸ್ಟ್ಯಾಂಡಿನ ಮೇಲೆ ಸರಿಯಾಗಿ ಬಿದ್ದಾಗ ಆ ಹಲ್ಲು ಕಚ್ಚಿಕೊಳ್ಳುತ್ತದೆ. ಆಮೇಲೆ ಗಾಡಿ ಮುಂದಕ್ಕೆ ಜರುಗಿದರೂ ಸ್ಟ್ಯಾಂಡು ಮಡಚುವುದಿಲ್ಲ. ಗಾಡಿ ನೆಟ್ಟಗೆ ನಿಂತಿದ್ದರೆ ಭಾರ ಬೀಳುವುದಿಲ್ಲ, ಹಲ್ಲೂ ಕಚ್ಚುವುದಿಲ್ಲ. ಬಗ್ಗಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಕಚ್ಚಿದಾಗ ಸ್ಟ್ಯಾಂಡಿನ ಕಾಲು ಅಲುಗಾಡುವುದಿಲ್ಲ, ಕಚ್ಚದಿದ್ದರೆ ಬೂಟಿನ ತುದಿಯಲ್ಲಿ ತಟ್ಟಿದರೆ ಆಡುತ್ತದೆ. ಗಾಡಿಯಿಂದ ಇಳಿಯುವ ಮೊದಲು ನಾನು ಈಗಲೂ ಒಮ್ಮೆ ತಟ್ಟುತ್ತೇನೆ.

ಕೆಲವರು ಹಳೇ ಸ್ಟ್ಯಾಂಡನ್ನೇ ಇಟ್ಟುಕೊಂಡು, ಗಾಡಿಯನ್ನು ಅರ್ಧ ಎತ್ತರದಲ್ಲಿ ನಿಲ್ಲಿಸುತ್ತಾರೆ. ಹಗಲು ಎರಡು ಗಂಟೆಗಾದರೆ ಸರಿ. ರಾತ್ರಿಗೆ ಬೇಡ. ಎಲ್ಲಾದರೂ ಸಣ್ಣ ಲೀಕ್ ಇದ್ದರೆ ಗಾಡಿ ಇಂಚಿಂಚೇ ಕೂರುತ್ತಾ, ನೆಟ್ಟಗಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಗ್ಯಾರೇಜ್ ಬಾಗಿಲು ತೆಗೆದಾಗ ಗಾಡಿ ಬಲಕ್ಕೆ ಒರಗಿಕೊಂಡು ಪಕ್ಕದ ಕಾರಿನ ಬಾಗಿಲನ್ನು ಮುದ್ದಾಡುತ್ತಿರಬಹುದು.

ಹಾಗಾಗಿ ನಾನು ಒಂದು ಇಂಚು ಗಿಡ್ಡ ಇರುವ ಸ್ಟ್ಯಾಂಡ್ ಹಾಕಿಸಿದೆ, ಗಾಡಿ ಪೂರ್ತಿ ಕೂತಾಗಿನ ಅಳತೆಗೆ. ಲೆಕ್ಕ ಸರಳ. ಪೂರ್ತಿ ಇಳಿಸಿ ನಿಲ್ಲಿಸಿದ ಗಾಡಿ ಲೀಕ್ ಆದರೂ ಮತ್ತೆ ಇಳಿಯುವುದಕ್ಕೆ ಜಾಗ ಇಲ್ಲ. ರಾತ್ರಿ ಹೇಗೆ ಬಿಟ್ಟಿರುತ್ತೇನೋ ಬೆಳಿಗ್ಗೆ ಹಾಗೇ ಇರುತ್ತದೆ.

ಇದರ ಜೊತೆಗೆ ಒಂದು ಕ್ರಮ ಬರುತ್ತದೆ, ಅದನ್ನು ಹಿಂದುಮುಂದು ಮಾಡುವ ಹಾಗಿಲ್ಲ. ನಿಲ್ಲಿಸುವಾಗ ಸೀಟಿನ ಮೇಲೇ ಕೂತು, ಗಾಡಿ ನೆಟ್ಟಗೆ ಹಿಡಿದು, ಗಾಳಿ ಪೂರ್ತಿ ಬಿಡಬೇಕು. ಆಮೇಲೆ ಸ್ಟ್ಯಾಂಡು ಹೊರಗೆ ತಳ್ಳಿ ವಾಲಿಸಬೇಕು. ಹೊರಡುವಾಗ ಮೊದಲು ನೆಟ್ಟಗೆ ಮಾಡಿ, ಸ್ಟ್ಯಾಂಡ್ ಮಡಚಿ, ಎಂಜಿನ್ ಶುರು ಮಾಡಿ, ಕೊನೆಗೆ ಎತ್ತಬೇಕು. ಗಾಡಿ ಸ್ಟ್ಯಾಂಡಿನ ಮೇಲೆ ಇರುವಾಗ ಗುಂಡಿ ಮುಟ್ಟಲೇಬಾರದು. ಗಿಡ್ಡ ಸ್ಟ್ಯಾಂಡಿನ ಮೇಲೆ ಗಾಡಿ ಎದ್ದರೆ ಎಡಕ್ಕೆ ಅತಿಯಾಗಿ ವಾಲುತ್ತದೆ. ಅಲ್ಲಿಂದ ಅದನ್ನು ನೆಟ್ಟಗೆ ಎತ್ತುವುದಕ್ಕೆ ನನ್ನ ಸೊಂಟ ಒಪ್ಪುವುದಿಲ್ಲ.

ಅದಕ್ಕೇ ಗುಂಡಿಗಳ ವೈರನ್ನು ಇಗ್ನಿಷನ್ ಮೂಲಕ ಕೊಡಿಸಿದ್ದೇನೆ. ಕೀ ಆಫ್ ಇದ್ದರೆ ಗುಂಡಿ ಸತ್ತ ಹಾಗೆ. ರಾಜ್ಯೋತ್ಸವಕ್ಕೆ ಶಾಲೆಯೊಂದರ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದಾಗ ಇದರ ಬೆಲೆ ಗೊತ್ತಾಯಿತು. ಊಟದ ಸಾಲಿನಲ್ಲಿ ನಿಂತಿದ್ದೆ. ಮಕ್ಕಳ ಗುಂಪು ಗಾಡಿ ಸುತ್ತ ಸೇರಿತ್ತು. ಒಬ್ಬ ಹುಡುಗ ಓಡಿ ಬಂದು, 'ಅಂಕಲ್, ನಿಮ್ಮ ಬೈಕಿನ ಬಟನ್ ಕೆಟ್ಟಿದೆ, ಎಲ್ಲಾ ಒತ್ತಿ ನೋಡಿದ್ವಿ' ಅಂದ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಹೋಳಿಗೆ ತಟ್ಟೆ ಅವಳ ಕೈಗೆ ಕೊಟ್ಟು ಗಾಡಿ ಕಡೆ ಹೋದೆ.

ಸಮತಟ್ಟು ಜಾಗದ ಕಥೆ ಇಷ್ಟು. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಬೇರೆಯೇ ಪಾಠ. ಕ್ಯಾಲಿಫೋರ್ನಿಯದ ನಿಯಮದ ಪ್ರಕಾರ ಮೋಟಾರ್ ಸೈಕಲ್ಲಿನ ಒಂದು ಚಕ್ರವೋ ಫೆಂಡರೋ ಬಲಗಡೆಯ ಫುಟ್‌ಪಾತ್ ಅಂಚಿಗೆ ತಾಗಿರಬೇಕು. ಹಾಗಾಗಿ ಎಲ್ಲರೂ ಹಿಂದಿನ ಚಕ್ರವನ್ನು ಅಂಚಿಗೆ ಕೊಟ್ಟು, ಮುಖ ರಸ್ತೆಗೆ ಮಾಡಿ ನಿಲ್ಲಿಸುತ್ತಾರೆ. ಏರು ರಸ್ತೆಯಲ್ಲಿ ಹೀಗೆ ಅಡ್ಡ ನಿಲ್ಲಿಸಿದಾಗ ಇಳಿಜಾರು ಗಾಡಿಯ ಎಡಕ್ಕೋ ಬಲಕ್ಕೋ ಬರುತ್ತದೆ. ನೀವು ಏರು ಹತ್ತುತ್ತಾ ಬಂದು ನಿಲ್ಲಿಸಿದರೆ ಎಡಗಡೆ ತಗ್ಗು. ಗಾಡಿ ಸ್ಟ್ಯಾಂಡಿನ ಮೇಲೆ ಜಾಸ್ತಿ ವಾಲುತ್ತದೆ, ಹಲ್ಲು ಕಚ್ಚುತ್ತದೆ, ಎತ್ತುವುದು ಕಷ್ಟ, ಅಷ್ಟೇ. ಇಳಿಯುತ್ತಾ ಬಂದು ನಿಲ್ಲಿಸಿದರೆ ಎಡಗಡೆ ಉಬ್ಬು, ಬಲಗಡೆ ತಗ್ಗು. ಅಪಾಯ ಇರುವುದು ಇದರಲ್ಲಿ. ಎರಡರಲ್ಲೂ ನಾನು ಮುಂದಿನ ಚಕ್ರವನ್ನು ಏರಿನ ಕಡೆಗೆ ಓರೆ ಮಾಡಿ, ಮೊದಲ ಗೇರಿಗೆ ಹಾಕಿ ಬಿಡುತ್ತೇನೆ. ಎರಡನೇ ಥರದ ಜಾಗ ತೀರಾ ಕಡಿದಾಗಿದ್ದರೆ ಪಾರ್ಕಿಂಗ್ ಸಿಕ್ಕಿದೆ ಅಂತ ಆಸೆಪಡದೆ ಮುಂದಕ್ಕೆ ಹೋಗುತ್ತೇನೆ. ಫಿಲ್ಬರ್ಟ್ ಸ್ಟ್ರೀಟಿನ ಒಂದು ತುಂಡು 31.5 ಶೇಕಡ ಇಳಿಜಾರು. ಅಂಥ ಕಡೆ ನಿಲ್ಲಿಸುವ ಯೋಚನೆಯೇ ಬೇಡ.

ಗಾಳಿ ಬಿಡುವುದು ಅಂಚಿಗೆ ತಾಗಿಸುವ ಮೊದಲೋ ಆಮೇಲೋ? ಮೊದಲೇ. ಎತ್ತರದಲ್ಲಿ ಹಿಂದಕ್ಕೆ ಸರಿದು ಟೈರು ಅಂಚಿಗೆ ಕೊಟ್ಟಾಗ ಸೈಲೆನ್ಸರಿನ ತುದಿ, ಡಬ್ಬಿಯ ಬಾಲ ಎರಡೂ ಫುಟ್‌ಪಾತಿನ ಮೇಲೆ ಚಾಚಿರುತ್ತವೆ. ಆಗ ಗಾಳಿ ಬಿಟ್ಟರೆ ಗಾಡಿಯ ಭಾರವೆಲ್ಲ ಅವುಗಳ ಮೇಲೆ ಕೂರುತ್ತದೆ. ಮೊದಲೇ ಇಳಿಸಿ ನಿಧಾನಕ್ಕೆ ಸರಿದರೆ ಏನು ತಾಗುತ್ತದೆ ಅಂತ ಮುಂಚೆಯೇ ಗೊತ್ತಾಗುತ್ತದೆ. ಇಳಿಸಿದ ಮೇಲೆ ಎರಡೂ ಪಾದ ನೆಲಕ್ಕೆ ಊರಿರುವುದರಿಂದ ಹಿಂದಕ್ಕೆ ತಳ್ಳುವುದೂ ಹಗುರ. ನನಗೆ ಈ ಖರ್ಚು ಸಾರ್ಥಕ ಅನ್ನಿಸುವುದು ಇಲ್ಲೇ.

ಭಾನುವಾರ ಬೆಳಿಗ್ಗೆ ವುಡ್‌ಸೈಡ್ ಹತ್ತಿರದ ಆಲಿಸಸ್ ರೆಸ್ಟೋರೆಂಟ್ ಮುಂದೆ, ಹೈವೇ 84 ಮತ್ತು ಸ್ಕೈಲೈನ್ ಸೇರುವಲ್ಲಿ, ಬೈಕುಗಳ ಜಾತ್ರೆ. ಅಲ್ಲಿ ಮುಂದೂ ಹಿಂದೂ ಗಾಳಿ ಹಾಕಿಸಿದ ಗಾಡಿಗಳು ಕಾಣುತ್ತವೆ. ಸ್ಟ್ಯಾಂಡೇ ಬೇಡ, ಗಾಳಿ ಬಿಟ್ಟರೆ ಫ್ರೇಮು ನೆಲಕ್ಕೆ ಕೂತು ಗಾಡಿ ನೆಟ್ಟಗೆ ನಿಲ್ಲುತ್ತದೆ. ಜನ ಫೋಟೋ ತೆಗೆಯುತ್ತಾರೆ. ನೋಡಲು ನನಗೂ ಇಷ್ಟ. ಆದರೆ ಅದಕ್ಕೆ ನೆಲ ಸಮ ಇರಬೇಕು, ಒಂದು ಜಲ್ಲಿಕಲ್ಲು ಅಡಿ ಸಿಕ್ಕರೂ ಗಾಡಿ ಓಲಾಡುತ್ತದೆ. ಗಾಳಿ ಏರದಿದ್ದರೆ ಅದನ್ನು ಅಲ್ಲಿಂದ ಒಂದು ಅಡಿ ಸರಿಸುವುದಕ್ಕೂ ಆಗುವುದಿಲ್ಲ. ದಿನಾ ಓಡಿಸುವವರಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ.

ಗಾಡಿಯನ್ನು ಕೂರಿಸಿಕೊಂಡೇ ಓಡಿಸುವವರೂ ಇದ್ದಾರೆ. ನಾನು ಪಾರ್ಕಿಂಗ್ ಲಾಟಿನೊಳಗೆ ನಡೆಯುವ ವೇಗದಲ್ಲಿ ಬಿಟ್ಟರೆ ಹಾಗೆ ಮಾಡುವುದಿಲ್ಲ. ಕೂತ ಗಾಡಿಗೆ ತಿರುವಿನಲ್ಲಿ ವಾಲಲು ಜಾಗ ಕಡಿಮೆ. ಮೊದಲು ಕಾಲಿಡುವ ಫುಟ್‌ಬೋರ್ಡ್ ಉಜ್ಜುತ್ತದೆ. ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ, ಪರವಾಗಿಲ್ಲ. ಆಮೇಲೆ ಉಜ್ಜುವುದು ಮಡಚದ ಕಬ್ಬಿಣ. ಇನ್ನೊಂದು ಅಪಾಯ ಫೆಂಡರಿನ ಒಳಗಡೆ. ಹಿಂದಿನ ದೀಪದ ವೈರು ಫೆಂಡರಿನ ಒಳಮೈಗೆ ಅಂಟಿಕೊಂಡು ಹೋಗುತ್ತದೆ. ಗಾಡಿ ಕೂತು ರಸ್ತೆಯ ಹಳ್ಳಕ್ಕೆ ಬಿದ್ದಾಗ ಟೈರು ಅದನ್ನು ಸವೆಸುತ್ತದೆ. ಬ್ರೇಕ್ ಲೈಟು ಹೋದದ್ದು ಸವಾರನಿಗೆ ಗೊತ್ತಾಗುವುದೇ ಇಲ್ಲ. ನಮ್ಮ ಮೆಕ್ಯಾನಿಕ್ ಶಾಕ್ ಹಾಕಿದ ದಿನವೇ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದ. ವೈರನ್ನು ಪಕ್ಕಕ್ಕೆ ಸರಿಸಿ ಕ್ಲಿಪ್ ಹಾಕಿ, ಒಳಕ್ಕೆ ಚಾಚಿದ್ದ ಬೋಲ್ಟುಗಳನ್ನು ಚಪ್ಪಟೆ ತಲೆಯವಕ್ಕೆ ಬದಲಾಯಿಸಿದ. ಈ ಕೆಲಸ ಮಾಡದೆ ಗಾಡಿ ಕೈಗೆ ತೆಗೆದುಕೊಳ್ಳಬೇಡಿ.

ಓಡಿಸುವಾಗಿನ ಎತ್ತರವನ್ನು ನಾನು ಗಾಳಿ ಒತ್ತಡದ ಮೀಟರ್ ನೋಡಿ ಇಡುವುದಿಲ್ಲ. ಒಬ್ಬನೇ ಇದ್ದಾಗ ಒಂದು ಒತ್ತಡ, ಹೆಂಡತಿ ಹಿಂದೆ ಕೂತು ಡಬ್ಬಿ ತುಂಬ ಸಾಮಾನು ಇದ್ದಾಗ ಇನ್ನೊಂದು. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಫೆಂಡರಿನ ಒಂದು ಬೋಲ್ಟಿಗೆ ಟೇಪ್ ಹಿಡಿದು ಅಳೆಯುತ್ತೇನೆ. ಜನ ಕೂತ ಮೇಲೆ ಶಾಕ್ ಒಟ್ಟು ಎಷ್ಟು ಕುಗ್ಗಬಲ್ಲದೋ ಅದರಲ್ಲಿ ಸುಮಾರು ಮೂರನೇ ಒಂದು ಭಾಗ ತಗ್ಗಿರಬೇಕು. ಗಾಳಿ ಜಾಸ್ತಿ ತುಂಬಿದರೆ 880 ಹೈವೇಯ ಕಾಂಕ್ರೀಟ್ ಜೋಡಣೆ ಒಂದೊಂದೂ ಬೆನ್ನಿಗೆ ಬಡಿಯುತ್ತದೆ.

ಲೀಕ್ ಹುಡುಕುವುದಕ್ಕೆ ಸೋಪಿನ ನೀರು ಸಾಕು. ಗಾಳಿ ಪೈಪು ಜೋಡಿಸುವ ಕಡೆಯೆಲ್ಲ ಸಿಂಪಡಿಸಿ, ಗುಳ್ಳೆ ಬಂದಲ್ಲಿ ಲೀಕ್. ಹೆಚ್ಚಿನ ಸಲ ಕಾರಣ ಒಂದೇ: ಪೈಪಿನ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಓರೆಯಾಗಿ ಕತ್ತರಿಸಿರುತ್ತಾರೆ. ನೇರವಾಗಿ ಕತ್ತರಿಸಿ ಮತ್ತೆ ಒತ್ತಿದರೆ ಸರಿಹೋಗುತ್ತದೆ. ಆದರೆ ಬೆಳಿಗ್ಗೆ ಮೀಟರ್ ಇಳಿದಿದೆ ಅಂದಮಾತ್ರಕ್ಕೆ ಲೀಕ್ ಅಲ್ಲ. ಮಧ್ಯಾಹ್ನ 30 ಡಿಗ್ರಿಯಲ್ಲಿ ಟ್ಯಾಂಕಿನಲ್ಲಿ 100 ಪಿಎಸ್‌ಐ ಇದ್ದರೆ, ಬೆಳಗಿನ 10 ಡಿಗ್ರಿಗೆ ಅದು ತಾನಾಗೇ 92ರ ಹತ್ತಿರ ಬರುತ್ತದೆ. ಗಾಳಿ ಕುಗ್ಗಿದೆ, ಎಲ್ಲೂ ಹೋಗಿಲ್ಲ. ಟ್ಯಾಂಕಿನ ತಳದಲ್ಲಿ ನೀರು ಮಾತ್ರ ಸೇರುತ್ತದೆ, ಅದರಲ್ಲೂ ಕಡಲ ಕಡೆಯ ಮಂಜಿನಲ್ಲಿ ಓಡಿಸಿದರೆ. ಆಗಾಗ ತಳದ ತಿರುಪು ಸಡಿಲಿಸಿ ಹೊರಗೆ ಬಿಡಿ. ಎಂಜಿನ್ ಆಫ್ ಇದ್ದಾಗ ಸ್ನೇಹಿತರಿಗೆ ತೋರಿಸಲೆಂದು ಮೇಲೆ-ಕೆಳಗೆ ಆಡಿಸುತ್ತಾ ಕೂರಬೇಡಿ, ಕಾಂಪ್ರೆಸರ್ ಬ್ಯಾಟರಿ ಕುಡಿದುಬಿಡುತ್ತದೆ.

ಊರಿಂದ ತಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ, 'ಅಣ್ಣ, ನನ್ನ ಬುಲೆಟ್‌ಗೂ ಹಾಕಿಸಬಹುದಾ?' ಹಾಕುವುದು ಕಷ್ಟವಲ್ಲ, ಆರ್‌ಟಿಓ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಅದಕ್ಕೇ ಅವನಿಗೆ, 'ಬೇಡಪ್ಪ, ಒಳ್ಳೇ ಶಾಕ್ಸ್ ಹಾಕಿಸ್ಕೋ, ಸಾಕು' ಅಂತೀನಿ.

ಇಲ್ಲಿ ಹಾಕಿಸುವವರಿಗೆ ಇನ್ನೊಂದು ಮಾತು. ಗಾಳಿ ಪೈಪಿನ ನಡುವೆ ಟೈರಿನ ಥರದ್ದೇ ಒಂದು ವಾಲ್ವ್ ಕೂರಿಸಿಕೊಳ್ಳಿ. ಸಾಮಾನಿಗೆ ಪುಡಿಗಾಸು. ದಾರಿಯಲ್ಲಿ ಕಾಂಪ್ರೆಸರ್ ಕೈಕೊಟ್ಟರೆ ಪೆಟ್ರೋಲ್ ಬಂಕಿನ ಗಾಳಿ ಹೊಡೆಯುವ ಯಂತ್ರದಿಂದಲೇ ಗಾಡಿ ಎತ್ತಿಕೊಂಡು ಮನೆ ಸೇರಬಹುದು. ಪೆಟ್ರೋಲ್ ಹಾಕಿಸಿದವರಿಗೆ ಗಾಳಿ, ನೀರು ಪುಕ್ಕಟೆ ಕೊಡಬೇಕು ಅನ್ನುವುದು ಕ್ಯಾಲಿಫೋರ್ನಿಯದ ಕಾನೂನು. ಯಂತ್ರ ಕಾಸು ಕೇಳಿದರೆ ಒಳಗೆ ಕೌಂಟರಿಗೆ ಹೋಗಿ ಹೇಳಿ, ಅಲ್ಲಿಂದಲೇ ಆನ್ ಮಾಡಿಕೊಡುತ್ತಾರೆ.